ಮೊದಲು ಶಾರ್ಪ್‌ನೆಸ್ ಇಳಿಸಿ

ಮದುವೆ ವಿಡಿಯೋ ತೆಗೆಯುವ ಹುಡುಗರು ‘ಸಿನಿಮಾ ಥರ ಬರಬೇಕು’ ಅಂತ ಮೊದಲು ಬಣ್ಣಕ್ಕೆ ಕೈ ಹಾಕುತ್ತಾರೆ. ನನ್ನ ಕೇಳಿದರೆ, ಮೊದಲು ಮುಟ್ಟಬೇಕಾದ್ದು ಶಾರ್ಪ್‌ನೆಸ್. ಕ್ಯಾಮೆರಾ ತಾನಾಗಿಯೇ ಪ್ರತಿ ಅಂಚಿಗೂ ಗೆರೆ ಎಳೆದು ಚೂಪು ಮಾಡಿಬಿಡುತ್ತದೆ. ಚಿತ್ರಕ್ಕೆ ಆ ಗಡಸು ವಿಡಿಯೋ ಕಳೆ ಬರುವುದು ಬಹುಮಟ್ಟಿಗೆ ಅದರಿಂದ. ಇಳಿಸಿ ನೋಡಿ, ಮುಖದ ಚರ್ಮ ಚರ್ಮದಂತೆಯೇ ಕಾಣುತ್ತದೆ. ಕಾಂಟ್ರಾಸ್ಟನ್ನೂ ತುಸು ತಗ್ಗಿಸಿದರೆ ಬಿಳಿ ಪಂಚೆಯ ನೆರಿಗೆಗಳು ಉಳಿಯುತ್ತವೆ. ಆಮೇಲೆ ಸೆಕೆಂಡಿಗೆ 24 ಫ್ರೇಮ್, ಶಟರ್ 1/50. ಚಲನೆಗೆ ಹದವಾದ ಮಸುಕು ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಛತ್ರದ ಟ್ಯೂಬ್‌ಲೈಟ್ ಮಿಣುಕುವ ಕಾಟವೂ ತಪ್ಪುತ್ತದೆ.

ಇಷ್ಟೆಲ್ಲ ಆದಮೇಲೂ ಬೆಳಕು ಬಾಕಿ ಇರುತ್ತದೆ, ಮತ್ತು ಅದೇ ದೊಡ್ಡದು. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಸಿನಿಮಾದಲ್ಲಿ ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ಸ್ಟುಡಿಯೋ ಒಳಕ್ಕೆ ತಿರುಗಿಸಿ ಬೆಳಕಿನ ಕೋಲು ಮೂಡಿಸಿದರು. ಯಾವ ಮೆನುವಿನಲ್ಲೂ ಅದು ಸಿಗುವುದಿಲ್ಲ. ಮುಂದಿನ ಶೂಟಿನಲ್ಲಿ ಸೆಟ್ಟಿಂಗ್ ಮುಗಿಸಿದ ಮೇಲೆ, ಮದುಮಗಳನ್ನು ಒಮ್ಮೆ ಕಿಟಕಿಯ ಪಕ್ಕ ನಿಲ್ಲಿಸಿ ನೋಡಿ.