ಬ್ರೈಟನ್ ಸ್ಟೇಷನ್ನಿನ ಚಾವಣಿ

ಈಗಷ್ಟೇ ಲಂಡನ್ನಿಂದ ಬಂದು ಬ್ರೈಟನ್‌ನಲ್ಲಿ ಇಳಿದೆ. ಜನವೆಲ್ಲ ಗೇಟು ದಾಟಿ ಕ್ವೀನ್ಸ್ ರೋಡಿನ ಇಳಿಜಾರು ಹಿಡಿದು ಸಮುದ್ರದ ಕಡೆ ಧಾವಿಸುತ್ತಿದ್ದಾರೆ. ನನಗೋ ಪ್ಲಾಟ್‌ಫಾರ್ಮ್ ಬಿಟ್ಟು ಹೋಗಲು ಮನಸ್ಸೇ ಬರುತ್ತಿಲ್ಲ. ಮೇಲೆ 1880ರ ದಶಕದ ಕಬ್ಬಿಣ-ಗಾಜಿನ ಚಾವಣಿ. ಹಳಿ ತಿರುಗಿದ ಹಾಗೇ ಅದೂ ಬಳುಕಿ ತಿರುಗಿದೆ, ಎಂಥಾ ಚೆಂದ!

1914ರ ಡಿಸೆಂಬರ್ ಚಳಿಯಲ್ಲಿ, ಫ್ರಾನ್ಸಿನ ಯುದ್ಧದಲ್ಲಿ ಗಾಯಗೊಂಡ ನಮ್ಮ ಭಾರತದ ಸಿಪಾಯಿಗಳು ರೈಲಿನಿಂದ ಇಳಿದದ್ದೂ ಇಲ್ಲೇ. ಇಲ್ಲಿಂದ ಅವರನ್ನು ಒಯ್ದದ್ದು ಆಸ್ಪತ್ರೆಯಾಗಿ ಬದಲಾಗಿದ್ದ ರಾಯಲ್ ಪೆವಿಲಿಯನ್ ಅರಮನೆಗೆ. ಸ್ಟ್ರೆಚರ್ ಮೇಲೆ ಅಂಗಾತ ಮಲಗಿದ್ದವರಿಗೆ ಮೊದಲು ಕಂಡದ್ದು ಈ ಚಾವಣಿಯೇ ಇರಬೇಕು ಅನ್ನಿಸಿ ಕಣ್ಣು ತುಂಬಿತು.

ಬ್ರೈಟನ್‌ಗೆ ಬಂದವರು ಯಾರಾದರೂ ಇಲ್ಲಿ ತಲೆ ಎತ್ತಿ ನೋಡಿದ್ದೀರಾ? ಹೇಳಿ.