ಸದ್ದಿನ ಮೂಲ



ಪರರನ್ನು ತಿದ್ದಹೊರಡುವ ಮುನ್ನ ತನ್ನನ್ನು ನೋಡಿಕೊಳ್ಳಬೇಕೆಂಬುದು ಅಣ್ಣ ಬಸವಣ್ಣನವರ ವಚನಗಳಲ್ಲಿ ಕಾಣುವ ಭಾವ. ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1907ರಲ್ಲಿ ವೀರಾಪುರದಲ್ಲಿ ಜನಿಸಿದ ಈ ಮಾಗಡಿ ಸೀಮೆಯಲ್ಲಿ, ಸೈಕಲ್ ರಿಪೇರಿಯ ಹಿರಿಯ ಕಾಯಕಜೀವಿಯೊಬ್ಬರ ಬಳಿ ಆ ಭಾವ ನನಗೆ ಇನ್ನಷ್ಟು ತಿಳಿಯಾಯಿತು.

ಮಗಳು ಶಾಲೆಗೆ ಹೋಗುವ ಹಳೆಯ ಸೈಕಲ್ಲಿನ ಪೆಡಲು ಒಂದು ಸುತ್ತು ಬಂದಾಗಲೆಲ್ಲ ‘ಟಕ್’ ಎಂಬ ಸದ್ದು. ಚೈನೆಂದರು ಒಬ್ಬರು, ಸೀಟೆಂದರು ಮತ್ತೊಬ್ಬರು. ಸೈಕಲ್ಲಿನ ಚೌಕಟ್ಟು ಟೊಳ್ಳು ಕೊಳವೆಗಳದ್ದು. ಒಂದೆಡೆ ಹುಟ್ಟಿದ ಸದ್ದನ್ನು ಮತ್ತೊಂದೆಡೆಗೆ ಒಯ್ದು ಕಿವಿಯನ್ನು ವಂಚಿಸುತ್ತದೆ. (ಮನೆಯ ಕಲಹಗಳಲ್ಲಿಯೂ ಕೈಗೆ ಸಿಕ್ಕವರನ್ನು ನಾವು ದೂರುವುದು ಹೀಗೆಯೇ ಅಲ್ಲವೇ?)

ಆ ಹಿರಿಯರು ಎಣ್ಣೆಯ ಡಬ್ಬಿಯನ್ನು ಮುಟ್ಟಲೇ ಇಲ್ಲ. ತಾವೇ ಹತ್ತಿ ತುಳಿದರು. ತುಳಿಯದೆ ಉರುಳಲು ಬಿಟ್ಟರು, ಸದ್ದು ನಿಂತಿತು. ಅಲ್ಲಿಗೆ ಚಕ್ರಗಳ ಮೇಲಿನ ಸಂಶಯ ಕಳೆಯಿತು. ಸೀಟಿನಿಂದೆದ್ದು ನಿಂತು ತುಳಿದರು; ಸದ್ದು ಮರಳಿತು, ಸೀಟೂ ಪಾರಾಯಿತು. ಚೈನಿನ ಒಂದು ಕೊಂಡಿ ಕೆಟ್ಟಿದ್ದರೆ ಪೆಡಲಿನ ಪ್ರತಿ ಸುತ್ತಿಗೂ ಸದ್ದು ಬಾರದು. ಚೈನು ಪೂರ್ತಿ ಒಮ್ಮೆ ತಿರುಗಲು ಪೆಡಲು ಎರಡಕ್ಕೂ ಹೆಚ್ಚು ಸುತ್ತು ಬರಬೇಕು. ಬಳಿಕ ಎರಡು ಪೆಡಲುಗಳ ತೋಳುಗಳನ್ನೂ ಕೈಯಿಂದ ಒತ್ತಿ ನೋಡಿದರು. ಎಡದ್ದು ಕೂದಲೆಳೆಯಷ್ಟು ಅಲುಗಿತು.

ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನನ್ನು ಬಡಿದು ಹೊರತೆಗೆದಾಗ, ಅದರ ಚಪ್ಪಟೆಯ ಮೈ ಸವೆದು ಹಳ್ಳಬಿದ್ದಿತ್ತು. ಹಾಗೆಯೇ ಬಿಟ್ಟಿದ್ದರೆ ಏರಿನಲ್ಲಿ ಭಾರ ಹಾಕಿ ತುಳಿಯುವಾಗ ಪೆಡಲು ಜಾರಿ ಮಗು ಬೀಳುತ್ತಿತ್ತು.

ಹೊಸ ಪಿನ್ನನ್ನು ಕೂರಿಸಿ, “ನಾಲ್ಕು ದಿನ ತುಳಿದ ಮೇಲೆ ಇದು ಇನ್ನೂ ಒಳಗೆ ಕೂರುತ್ತೆ. ನಟ್ಟು ಬಿಗಿಸೋಕೆ ಒಂದ್ಸಲ ಬಾ ತಾಯಿ,” ಎಂದು ಮಗಳಿಗೇ ಹೇಳಿದರು.