ಐದು ಸಾಲಿನ ಚೀಟಿ

ಹತ್ತನೇ ತರಗತಿಗೆ ಪ್ರತಿವರ್ಷ ನಾನು ತಪ್ಪದೆ ಮಾಡಿ ತೋರಿಸುವ ಪ್ರಯೋಗವೊಂದಿದೆ. ಮೈಲುತುತ್ತದ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಮುಳುಗಿಸಿಡುವುದು. ಸ್ವಲ್ಪ ಹೊತ್ತಿನಲ್ಲೇ ಮೊಳೆಗೆ ಕೆಂಪಗೆ ತಾಮ್ರ ಹತ್ತುತ್ತದೆ, ನೀಲಿ ಮಾಸುತ್ತದೆ. ಹಲಗೆಯ ಮೇಲೆ ಸಮೀಕರಣ ಬರೆದರೆ ನನ್ನ ಕೆಲಸ ಮುಗಿಯಿತು. ಇಪ್ಪತ್ತು ವರ್ಷ ಮೀರಿ ಹೀಗೆ ಪಾಠ ಹೇಳಿದವನ ಮನೆಯಲ್ಲೇ ಆ ಮೊಳೆ ಇನ್ನೂರು ಲೀಟರಿನ ಡ್ರಮ್ಮಿನ ರೂಪದಲ್ಲಿ ಕಾದು ಕೂತಿತ್ತು.

ಹುಲೇಕಲ್ಲಿನ ಸುತ್ತಮುತ್ತ ತೋಟ ಇದ್ದವರಿಗೆ ಮಳೆಗಾಲವೆಂದರೆ ಕೊಳೆರೋಗದ ಭಯ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಮೇಲೆ ವರದಿ ಪ್ರಕಟಿಸಿ, ಇದಕ್ಕೆ ಬೋರ್ಡೋ ದ್ರಾವಣವೇ ಮದ್ದೆಂದು ತೋರಿಸಿಕೊಟ್ಟರು. ಫ್ರಾನ್ಸಿನ ದ್ರಾಕ್ಷಿತೋಟಗಳಿಂದ 1885ರಲ್ಲಿ ಬೆಳಕಿಗೆ ಬಂದ ಔಷಧಿ ಅದು. ಮೈಲುತುತ್ತ, ಸುಣ್ಣ, ನೀರು, ಇಷ್ಟೇ. ಇಷ್ಟೇ ಎಂದುಕೊಂಡದ್ದೇ ನನ್ನ ತಪ್ಪು.

2018ರ ಮಳೆಗಾಲದ ಆರಂಭದಲ್ಲಿ ನಾನು ತರಬೇತಿಗೆಂದು ಒಂದು ವಾರ ಊರು ಬಿಡಬೇಕಾಯಿತು. ಔಷಧಿ ಹೊಡೆಸುವ ಕೆಲಸ ತಮ್ಮನ ಪಾಲಿಗೆ ಬಂತು. ಅವನಿಗೊಂದು ಚೀಟಿ ಬರೆದು ಗೋಡೆಗೆ ಅಂಟಿಸಿ ಹೋದೆ: "ಮೈಲುತುತ್ತ 1 ಕಿಲೋ, 50 ಲೀಟರ್ ನೀರಿಗೆ. ಸುಣ್ಣ 1 ಕಿಲೋ, 50 ಲೀಟರ್ ನೀರಿಗೆ. ಎರಡನ್ನೂ ಬೆರೆಸಿ. ಪರೀಕ್ಷಿಸಿ. ಹೊಡೆಸಿ." ಐದೇ ಸಾಲು. ಬಿ.ಎಸ್ಸಿ., ಬಿ.ಎಡ್. ಮಾಡಿದವನ ಚೀಟಿ ಇನ್ನೆಷ್ಟು ಚೊಕ್ಕವಾಗಿರಬೇಕು ಎಂಬ ಹೆಮ್ಮೆ ಬೇರೆ.

ಆಗಸ್ಟಿನಲ್ಲಿ ನಮ್ಮ ತೋಟದ ತುಂಬ ಕೊಳೆ ಅಡಿಕೆ. ಬೆಳಗಾದರೆ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿದಂತೆ ಬಿದ್ದಿರುತ್ತಿತ್ತು. ನಾನು ಸಿಟ್ಟಿನಲ್ಲಿ ಕೊನೆಗೌಡನನ್ನು ಕರೆದು, "ಕೊನೆಗೆ ಸರಿಯಾಗಿ ಔಷಧಿ ಮುಟ್ಟಿಸದೇ ಇಳಿದಿದ್ದೀಯ" ಎಂದುಬಿಟ್ಟೆ. ಆ ಮಳೆಯಲ್ಲಿ ಜಾರುವ ಮರ ಏರಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುವವನಿಗೆ, ನೆಲದ ಮೇಲೆ ನಿಂತವನು ಆಡಿದ ಮಾತು. ಅವನು ಏನೂ ಅನ್ನದೆ ಕಂಬಳಿ ಕೊಪ್ಪೆ ಸೂಡಿಕೊಂಡು ಹೊರಟುಹೋದ.

ಮಳೆ ಹೊಳವಾದಾಗ ಕೊಟ್ಟಿಗೆ ಬದಿಗಿದ್ದ ಡ್ರಮ್ಮನ್ನು ಉರುಳಿಸಿ ನೋಡಿದೆ. ಬಣ್ಣ ಕಿತ್ತುಹೋದ ಕಬ್ಬಿಣದ ಡ್ರಮ್ಮು. ಒಳಗೆಲ್ಲ ಕೆಂಪು ತಾಮ್ರದ ಹಕ್ಕಳೆ. ರಾತ್ರಿಯಿಡೀ ಮೈಲುತುತ್ತ ನೆನೆಹಾಕಿದ್ದು ಅದರಲ್ಲೇ. ಕೊನೆಗೆ ಸೇರಬೇಕಾದ ತಾಮ್ರ ಡ್ರಮ್ಮಿಗೆ ಸೇರಿತ್ತು. ತಮ್ಮ ಸಣ್ಣ ಮುಖ ಮಾಡಿ, "ನೀ ಬರೆದಿಟ್ಟ ಹಾಂಗೇ ಮಾಡಿದ್ದಿ, ಅಣ್ಣಯ್ಯ" ಎಂದ. ನಿಜ. ಯಾವ ಪಾತ್ರೆಯೆಂದು ನಾನು ಬರೆದಿರಲೇ ಇಲ್ಲ.

ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ಮಗಳಿಗೆ ಫೋನಿನಲ್ಲಿ ಈ ಕತೆ ಹೇಳಿಕೊಂಡೆ. ಅವಳು ನಕ್ಕು, "ಅಪ್ಪಯ್ಯಾ, ಚೀಟಿ ಆಮೇಲೆ ಬರೆ. ಮೊದಲು ಕೆಲಸದ ನಕ್ಷೆ ಬರೆ. ಮಾಡಿದವರನ್ನ ಕೂರಿಸ್ಕ್ಯಂಡು ಬರೆ" ಎಂದಳು. ಅವರ ಭಾಷೆಯಲ್ಲಿ ಅದು 'ಪ್ರೋಸೆಸ್ ಮ್ಯಾಪ್'. ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ 1921ರಲ್ಲಿ ಎಂಜಿನಿಯರುಗಳ ಸಭೆಯ ಮುಂದಿಟ್ಟ ಉಪಾಯವಂತೆ. ಆತ ಇಟ್ಟಿಗೆ ಕಟ್ಟುವ ಕೆಲಸದಿಂದ ಮೇಲೆ ಬಂದವನು ಎಂದು ತಿಳಿದ ಮೇಲೆ ನನಗೂ ಸ್ವಲ್ಪ ವಿಶ್ವಾಸ ಹುಟ್ಟಿತು. ಮಾಡುವ ಕೆಲಸಕ್ಕೊಂದು ಚೌಕ, ಕೇಳಬೇಕಾದ ಪ್ರಶ್ನೆಗೊಂದು ವಜ್ರಾಕೃತಿ, ನಡುವೆ ಬಾಣ. ಪ್ರಶ್ನೆಯಿಂದ ಮಾತ್ರ ಎರಡು ಬಾಣ ಹೊರಡಬೇಕು: ಹೌದಾದರೆ ಎಲ್ಲಿಗೆ, ಅಲ್ಲವಾದರೆ ಎಲ್ಲಿಗೆ.

ಕೊನೆಗೌಡನ ಮನೆಗೆ ಹೋದೆ. ಡ್ರಮ್ಮಿನ ಸಂಗತಿ ಹೇಳಿ, ತಪ್ಪು ನನ್ನದೆಂದು ಒಪ್ಪಿಕೊಂಡೆ. "ಡ್ರಮ್ಮು ಕೆಂಪಾಗಿದ್ದು ನಂಗೆ ಅವತ್ತೇ ಕಂಡಿತ್ತು ಮಾಸ್ತರೆ. ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ" ಎಂದ. ಮರುದಿನ ನಮ್ಮ ಜಗುಲಿಯ ಮೇಲೆ ಹಳೇ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿ ಮೂವರೂ ಕೂತೆವು. ಹೇಗೆ ಮಾಡಬೇಕೆಂದು ನಾನು ಹೇಳುವುದಲ್ಲ, ಹೇಗೆ ಮಾಡಿದಿರೆಂದು ಅವರು ಹೇಳುವುದು. ಸಂಜೆಯ ಹೊತ್ತಿಗೆ ಐದು ಸಾಲಿನ ಜಾಗದಲ್ಲಿ ಹದಿನೇಳು ಚೌಕ, ನಾಲ್ಕು ಪ್ರಶ್ನೆಗಳಾಗಿದ್ದವು.

ಪಾತ್ರೆ ಕಬ್ಬಿಣದ್ದೇ? ಹೌದಾದರೆ ಬಿಡಿ, ಪ್ಲಾಸ್ಟಿಕ್ಕಿನದು ತನ್ನಿ. ಸುಣ್ಣ ನೀರು ಹಾಕಿದರೆ ಬಿಸಿಯಾಗಿ ಅರಳುತ್ತದೆಯೇ? ಇಲ್ಲವಾದರೆ ಅದು ಗಾಳಿಗೆ ಸತ್ತ ಸುಣ್ಣ, ಬೇರೆ ತನ್ನಿ. ಬೆರೆಸಿದ ದ್ರಾವಣದಲ್ಲಿ ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿದರೆ ಕೆಂಪಾಗುತ್ತದೆಯೇ? ಆದರೆ ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿ. ಇವತ್ತು ಮಾಡಿದ್ದು ಇವತ್ತೇ ಮುಗಿಯುವಷ್ಟು ಹೊಳವು ಇದೆಯೇ? ಇಲ್ಲವಾದರೆ ಬೆರೆಸಲೇಬೇಡಿ.

ನೋಡಿ, ನನ್ನ ಚೀಟಿಯಲ್ಲಿ ಈ ನಾಲ್ಕೂ 'ಪರೀಕ್ಷಿಸಿ' ಎಂಬ ಒಂದು ಶಬ್ದದಲ್ಲಿ ಅಡಗಿ ಕೂತಿದ್ದವು. ಗೊತ್ತಿದ್ದವನಿಗೆ ಆ ಶಬ್ದ ಸಾಕು. ಗೊತ್ತಿದ್ದವನಿಗೆ ಚೀಟಿಯೇ ಬೇಡ!

ನಕ್ಷೆ ನೋಡಿಕೊಂಡು ಚೀಟಿಯನ್ನು ಹೊಸದಾಗಿ ಬರೆದೆ. ಒಂದು ಸಾಲಿಗೆ ಒಂದೇ ಕೆಲಸ. ಯಾರು, ಯಾವುದರಲ್ಲಿ, ಎಷ್ಟು ಎಂಬುದು ಅಲ್ಲೇ. ಪ್ರಶ್ನೆ ಬಂದಲ್ಲಿ ಎರಡೂ ಉತ್ತರ. ಮುಂದಿನ ವರ್ಷ, ಔಷಧಿ ಕಲಸಿ ಗೊತ್ತೇ ಇಲ್ಲದ ತಮ್ಮನ ಹೆಂಡತಿಯ ಕೈಗೆ ಅದನ್ನು ಕೊಟ್ಟು, ನಾನು ಬಾಯಿ ಮುಚ್ಚಿ ನಿಂತೆ. ಮಾಸ್ತರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. "ಸೋಸಿ" ಎಂಬಲ್ಲಿ ಅವಳು ನಿಂತಳು. ಎಂತದ್ರಲ್ಲಿ ಸೋಸುವುದು? 'ತೆಳು ಬಟ್ಟೆಯಲ್ಲಿ' ಎಂದು ಸೇರಿಸಿದೆ. ಮುಂದೆ ಎಲ್ಲಿಯೂ ನಿಲ್ಲಲಿಲ್ಲ.

ಶಾಲೆಯ ಪ್ರಯೋಗಾಲಯದ ಸೂಚನೆಗಳನ್ನೂ ಈಗ ಹೀಗೇ ಬರೆಸುತ್ತೇನೆ. ನೀರಿಗೆ ಆಮ್ಲವೋ, ಆಮ್ಲಕ್ಕೆ ನೀರೋ ಎಂಬುದನ್ನು 'ಬೆರೆಸಿ' ಎಂಬ ಮಾತು ಹೇಳುವುದಿಲ್ಲ. ಮಕ್ಕಳೇ ಚೌಕ ಬರೆದು ಬಾಣ ಎಳೆಯಲಿ. ಬಾಣ ಎಲ್ಲಿ ತಡವರಿಸುತ್ತದೋ ಅಲ್ಲೇ ಪಾಠ ಇರುತ್ತದೆ.

ಪ್ರತಿ ಮಳೆಗಾಲದ ಮೊದಲು ಆ ಹಾಳೆಯನ್ನು ಜಗುಲಿಯ ಮೇಲೆ ಹಾಸಿ ಮೂವರೂ ಒಮ್ಮೆ ನೋಡುತ್ತೇವೆ. ಹೋದ ಸಲ ಕೊನೆಗೌಡ ಬಾಣವೊಂದರ ಮೇಲೆ ಬೆರಳಿಟ್ಟ. "ಮಾಸ್ತರೆ, ನಾ ಮರದ ಮೇಲಿದ್ದಾಗ ಕೆಳಗೆ ಔಷಧಿ ಕದಡ್ತಾ ಇರೋರು ಯಾರು? ಬಿಟ್ರೆ ತಳ ಕೂರ್ತದೆ." ಆ ಜಾಗದಲ್ಲಿ ಚೌಕವೇ ಇರಲಿಲ್ಲ. ಹದಿನೆಂಟನೆಯದನ್ನು ಬರೆದು, ಅದರೊಳಗೆ ನನ್ನ ಹೆಸರು ಹಾಕಿದೆ.